ಹನ್ನೆರಡನೆಯವನು

"ನೀವೂನಾ?" ಎಂದು ಫೋಟೋ ಸ್ಟುಡಿಯೋದವನು ಬಸ್ ಕಂಡಕ್ಟರನ್ನು ಕೇಳಿದ. ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಕಾಯುವ ಕೋಣೆಯ ಬಾಗಿಲಲ್ಲಿ ಇಬ್ಬರೂ ಎದುರುಬದುರಾಗಿ ನಿಂತಿದ್ದರು. ಇಬ್ಬರ ಹೊಟ್ಟೆಯೂ ಖಾಲಿ, ಇಬ್ಬರ ಕೈಯಲ್ಲೂ ಒಂದೊಂದು ಬಟ್ಟೆಯ ಚೀಲ. ಕಂಡಕ್ಟರ ಹಿಂದೆ ಅವನ ಹೆಂಡತಿ, ಸ್ಟುಡಿಯೋದವನ ಹಿಂದೆ ಅವನ ಅಕ್ಕ. ಬೆಳಿಗ್ಗೆ ಫೋನು ಮಾಡಿದ ಆಸ್ಪತ್ರೆಯ ಹುಡುಗಿ, ಯಾರಿಗೂ ಹೇಳಬೇಡಿ, ಏನೂ ತಿನ್ನಬೇಡಿ, ನೀರೂ ಕುಡಿಯಬೇಡಿ, ಹಾಗೇ ಹೊರಟು ಬನ್ನಿ ಎಂದಿದ್ದಳು. ಅದೇ ಮಾತನ್ನು ಅವಳು ಇನ್ನೊಬ್ಬನಿಗೂ ಹೇಳಿದ್ದಳೆಂಬುದು ಈಗ ಗೊತ್ತಾಯಿತು.

"ಹೂಂ, ನಾನೂ," ಎಂದ ಕಂಡಕ್ಟರ್. ಆಮೇಲೆ ಇಬ್ಬರೂ ಒಳಗೆ ಹೋಗಿ, ನಡುವೆ ಒಂದು ಕುರ್ಚಿ ಬಿಟ್ಟು ಕುಳಿತರು. ದಿನ ಬಿಟ್ಟು ದಿನ ಡಯಾಲಿಸಿಸ್ಸಿಗೆ ಒಬ್ಬರ ಪಕ್ಕ ಒಬ್ಬರು ಮಲಗುವವರು ಹಾಗೆ ಕುರ್ಚಿ ಬಿಟ್ಟು ಕೂತದ್ದು ಅದೇ ಮೊದಲು.

ಒಂದು ಕಿಡ್ನಿ ಬಂದಿತ್ತು. ತೀರಿಹೋದ ಯಾರದೋ ಮನೆಯವರು ಅಳುತ್ತಲೇ ಒಪ್ಪಿಗೆ ಕೊಟ್ಟದ್ದು. ಹೀಗೆ ಒಂದು ಬಂದಾಗ ಆಸ್ಪತ್ರೆಯವರು ಅದೇ ರಕ್ತದ ಗುಂಪಿನ ಇಬ್ಬರನ್ನು ಕರೆಸುತ್ತಾರೆ. ಹೆಚ್ಚು ಕಾಲ ಕಾದವನು ಮೊದಲನೆಯವನು. ಅವನ ರಕ್ತ ಹೊಂದದಿದ್ದರೆ, ಅಥವಾ ಅವನಿಗೆ ಜ್ವರವೋ ಕೆಮ್ಮೋ ಇದ್ದರೆ, ಅದು ಎರಡನೆಯವನಿಗೆ. ಮೊದಲನೆಯವನು ಆಪರೇಷನ್ ಕೋಣೆಯ ಒಳಗೆ ಹೋಗುವವರೆಗೂ ಎರಡನೆಯವನು ಉಪವಾಸ ಕೂತಿರಬೇಕು. ಆಮೇಲೆ ಚೀಲ ಎತ್ತಿಕೊಂಡು ಮನೆಗೆ ಹೋಗಬಹುದು. ಇದನ್ನೆಲ್ಲ ಆ ಹುಡುಗಿ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡೇ ಹೇಳಿದಳು. ಬೇರೆ ಬೇರೆಯಾಗಿ ಹೇಳಬೇಕಾದ ವಿಷಯ, ಆದರೆ ಖಾಲಿ ಇದ್ದದ್ದು ಒಂದೇ ಕೋಣೆ. ಮೊದಲನೆಯವನು ಕಂಡಕ್ಟರ್.

"ಸರಿ ಬಿಡಿ, ಹಾಗಾದ್ರೆ ನಾನು ಹನ್ನೆರಡನೆಯವನು," ಎಂದ ಸ್ಟುಡಿಯೋದವನು. "ನೀರಿನ ಬಾಟ್ಲಿ ಹಿಡ್ಕೊಂಡು ಗೆರೆ ಹೊರಗೆ ಕೂತಿರ್ತೀನಿ."

ಹುಡುಗಿಗೆ ಕ್ರಿಕೆಟ್ಟಿನ ಆ ಮಾತು ಅರ್ಥವಾಗಲಿಲ್ಲ. ಕಂಡಕ್ಟರ್ ನಗಲು ನೋಡಿದ. ನೀರಿನ ಮಾತೆತ್ತಿದರೆ ಸಾಕು, ಅವರಿಬ್ಬರಿಗೂ ಬಾಯಿ ಒಣಗುತ್ತಿತ್ತು.

ಅವರ ಪರಿಚಯ ಕೆಳಗಿನ ಮಹಡಿಯ ಡಯಾಲಿಸಿಸ್ ಕೋಣೆಯದು. ವಾರಕ್ಕೆ ಮೂರು ಸಲ ಅಕ್ಕಪಕ್ಕದಲ್ಲಿ ಒರಗಿ, ಕೈಗೆ ದಪ್ಪ ಸೂಜಿ ಚುಚ್ಚಿಸಿಕೊಂಡು, ತಮ್ಮದೇ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ ಒಳಗೆ ಬರುವುದನ್ನು ನೋಡುತ್ತ ನಾಲ್ಕು ಗಂಟೆ ಕಳೆಯಬೇಕು. ಆ ಕೋಣೆಯಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆ ಇತ್ತು: ಕಾಯಿಲೆಯ ಮಾತು ಆಡಕೂಡದು. ಹೊಸದಾಗಿ ಬಂದವರು ಕಾಲಿನ ಊತ, ರಕ್ತದ ರಿಪೋರ್ಟು ಎಂದು ಶುರು ಮಾಡಿದರೆ ಕಂಡಕ್ಟರ್ ತನ್ನ ಬಸ್ಸಿನ ಗಂಟಲು ತೆಗೆದು, "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಿದ್ದ. ಹಾಗಾದರೆ ಏನು ಮಾತಾಡುವುದು? ಕ್ರಿಕೆಟ್ಟು. ಯಾರನ್ನು ಮೊದಲು ಮಷೀನಿಗೆ ಹಾಕುತ್ತಾರೋ ಅವತ್ತಿಗೆ ಅವನೇ ಆಯ್ಕೆ ಸಮಿತಿಯ ಅಧ್ಯಕ್ಷ. ಅವನು ಕಟ್ಟಿದ ತಂಡವನ್ನು ಇನ್ನೊಬ್ಬ ಒಡೆಯಬೇಕು. ನರ್ಸುಗಳು ಆ ಮೂಲೆಗೆ ಸೆಲೆಕ್ಷನ್ ಕಮಿಟಿ ಎಂದೇ ಹೆಸರಿಟ್ಟಿದ್ದರು. ಕಮಿಟಿಯಲ್ಲಿ ಹಿಂದೆ ಇನ್ನೂ ಇಬ್ಬರಿದ್ದರು. ಅವರ ಸುದ್ದಿಯನ್ನೂ ಅಲ್ಲಿ ಎತ್ತುವಂತಿರಲಿಲ್ಲ.

ಕಂಡಕ್ಟರಿಗೆ ಐವತ್ತು ದಾಟಿತ್ತು. ಬಸ್ಸಿನಲ್ಲಿ ನಿಲ್ಲಲು ಆಗದಾದ ಮೇಲೆ ಡಿಪೋದವರು ಅವನನ್ನು, ಪ್ರಯಾಣಿಕರು ಮರೆತು ಹೋದ ಸಾಮಾನು ಇಡುವ ಕೋಣೆಗೆ ಹಾಕಿದ್ದರು. ಕೊಡೆ, ಊಟದ ಡಬ್ಬಿ, ಯಾರದೋ ಹಲ್ಲಿನ ಸೆಟ್ಟು, ಇವುಗಳ ನಡುವೆ ಕೂತು ಅವನು ದಿನವಿಡೀ ಪತ್ರಿಕೆಯ ಆಟದ ಪುಟ ಓದುತ್ತಿದ್ದ. ಸ್ಟುಡಿಯೋದವನಿಗೆ ಇನ್ನೂ ಮೂವತ್ತರ ಆಚೀಚೆ. ಶಾಲೆಯ ಮಕ್ಕಳ ಗುರುತಿನ ಚೀಟಿಗೆ ಫೋಟೋ ತೆಗೆಯುವ ಸಣ್ಣ ಅಂಗಡಿ ಅವನದು. ಮನೆಯಲ್ಲಿ ಇನ್ನೂ ನೆಟ್ಟಗೆ ಮಾತು ಬಾರದ ಮಗಳು. ಅಂಗಡಿಯ ಗೋಡೆಯಲ್ಲಿ, ಮದುವೆ ಜೋಡಿಗಳ ಮತ್ತು ಬೊಚ್ಚುಬಾಯಿಯ ಕೂಸುಗಳ ಫೋಟೋಗಳ ನಡುವೆ, ಅವನು ದೇಶದ ತಂಡದ ಕ್ಯಾಪ್ಟನ್ನನ್ನೂ ತೂಗುಹಾಕಿದ್ದ.

ಅವರಿಬ್ಬರ ಜಗಳವೆಲ್ಲ ಆ ಕ್ಯಾಪ್ಟನ್ನನ ಮೇಲೇ. ಕ್ಯಾಪ್ಟನ್ನನಿಗೆ ವಯಸ್ಸಾಗಿತ್ತು. ವರ್ಷದಿಂದ ಟೆಸ್ಟುಗಳಲ್ಲಿ ಅವನ ಬ್ಯಾಟು ಬಾಯಿ ಬಿಟ್ಟಿರಲಿಲ್ಲ. ಹೊರಗೆ ಎಡಗೈಯ ಹುಡುಗನೊಬ್ಬ ರಾಶಿ ರಾಶಿ ರನ್ನು ಹೊಡೆದು ಬಾಗಿಲಲ್ಲಿ ನಿಂತಿದ್ದ. ಕಂಡಕ್ಟರ್ ಹುಡುಗನ ಪಕ್ಷ, ಸ್ಟುಡಿಯೋದವನು ಕ್ಯಾಪ್ಟನ್ನನ ಪಕ್ಷ; ವಯಸ್ಸು ನೋಡಿದರೆ ಉಲ್ಟಾ ಇರಬೇಕಿತ್ತು ಎಂದು ನರ್ಸುಗಳು ಚುಡಾಯಿಸುತ್ತಿದ್ದರು. ಆದರೆ ನಿಜವಾದ ಕಿಚ್ಚು ಬೇರೆ. ಕಳೆದ ಸರಣಿಯ ಕೊನೆಯ ಟೆಸ್ಟಿಗೆ ಕ್ಯಾಪ್ಟನ್ ತನ್ನ ಬೆರಳು ಮುರಿದದ್ದನ್ನು ತಂಡದ ಡಾಕ್ಟರಿಗೂ ಹೇಳದೆ ಮೈದಾನಕ್ಕೆ ಇಳಿದಿದ್ದ. ಮೊದಲ ದಿನವೇ ಕೈಗೆ ಬಂದ ಕ್ಯಾಚು ಬಿಟ್ಟ. ಆ ಆಟಗಾರ ಎರಡು ದಿನ ನಿಂತು ಆಡಿದ. ಟೆಸ್ಟು ಹೋಯಿತು, ಸರಣಿಯೂ ಹೋಯಿತು.

ಅದು ಧೈರ್ಯ ಎಂದು ಸ್ಟುಡಿಯೋದವನು. ಅದು ಕಳ್ಳತನ ಎಂದು ಕಂಡಕ್ಟರ್. ಮೈ ಸರಿಯಿಲ್ಲದವನು ಹೊರಗೆ ಕೂರಬೇಕು, ಆ ಜಾಗ ಅವನಪ್ಪನ ಮನೆ ಆಸ್ತಿಯಲ್ಲ, ಹೊರಗೆ ಒಬ್ಬ ಕಾಯುತ್ತಿದ್ದಾನೆ ಎಂಬುದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನನ್ನು ಕ್ಯಾಪ್ಟನ್ ಅನ್ನಬೇಡ, ಟಿಕೆಟ್ ಇಲ್ಲದೆ ಹತ್ತಿದವನು ಅನ್ನು ಎಂದು ಅವನು ಕೋಣೆಗೆಲ್ಲ ಕೇಳುವಂತೆ ಹೇಳುತ್ತಿದ್ದ. ಎಷ್ಟು ಸಲ ಹೇಳಿದ್ದನೆಂದರೆ ಅಲ್ಲಿನ ನೆಲ ಒರೆಸುವ ಹೆಂಗಸಿಗೂ ಅದು ಬಾಯಿಪಾಠವಾಗಿತ್ತು.

ನಿನ್ನೆಯೂ ಅದನ್ನೇ ಹೇಳುತ್ತಿದ್ದಾಗ ಅವನಿಗೆ ಚಳಿ ಹತ್ತಿತು. ಒಳಗಿನಿಂದ ಎದ್ದ ಚಳಿ. ಹಲ್ಲು ಕಟಕಟ ಎನ್ನತೊಡಗಿತು, ಸೂಜಿಯ ಮೇಲೆ ಅಂಟಿಸಿದ್ದ ಪಟ್ಟಿ ಕೂಡ ಅಲುಗುತ್ತಿತ್ತು. ಡಯಾಲಿಸಿಸ್ಸಿನವರಿಗೆ ಹಾಗೆ ಚಳಿ ಬಂದರೆ ಒಳಗೆ ಎಲ್ಲೋ ಸೋಂಕು ಇದೆಯೆಂದು ಅರ್ಥ, ತಕ್ಷಣ ಹೇಳಬೇಕು ಎಂದು ಅವರಿಗೆಲ್ಲ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ. ಸ್ಟುಡಿಯೋದವನು ಮಾತು ನಿಲ್ಲಿಸಿ, ಸಿಸ್ಟರನ್ನು ಕರೆಯಲಾ ಎಂದು ಕೇಳಿದ. "ಮುಂದೆ ಹೋಗು," ಎಂದ ಕಂಡಕ್ಟರ್. ನರ್ಸು ಬಂದಾಗ, ಎಸಿ ಗಾಳಿ ನೇರ ಮೈಮೇಲೆ ಬೀಳುತ್ತಿದೆ ಎಂದು ಹೇಳಿ ಇನ್ನೊಂದು ಹೊದಿಕೆ ತರಿಸಿಕೊಂಡ. ನಿಜ ಹೇಳಿದ್ದರೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಿದ್ದರು, ಹೆಂಡತಿ ಮತ್ತೆ ರಜೆ ಹಾಕಬೇಕಾಗುತ್ತಿತ್ತು. ಇದನ್ನೆಲ್ಲ ಮತ್ತೆ ಮೊದಲಿನಿಂದ ಶುರು ಮಾಡುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ಹೆಂಡತಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಗಲೆಲ್ಲ ನಿಂತು ಬಟ್ಟೆ ಅಳೆದು, ಮನೆಗೆ ಬಂದು ಗಂಡನ ನೀರು ಅಳೆಯುತ್ತಿದ್ದಳು. ದಿನಕ್ಕೆ ಇಷ್ಟೇ ಲೋಟ, ಸಾರಿನಲ್ಲಿರುವ ನೀರೂ ಲೆಕ್ಕಕ್ಕೆ. ರಾತ್ರಿ ಅವನು ಕಳ್ಳನ ಹಾಗೆ ಅಡಿಗೆಮನೆಗೆ ಹೋಗಿ ನಲ್ಲಿಗೆ ಬಾಯಿ ಹಚ್ಚುವುದನ್ನು ಅವಳು ಎಷ್ಟೋ ಸಲ ಹಿಡಿದಿದ್ದಳು. ಹಿಡಿದು, ಬೈದು, ಅತ್ತು, ಆಮೇಲೆ ಬೈಯುವುದನ್ನೂ ಬಿಟ್ಟಿದ್ದಳು. ಇವತ್ತು ಬೆಳಿಗ್ಗೆ ಫೋನು ಬಂದಾಗ ಅವಳೇ ಅವನ ಹಣೆ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಜ್ವರದ ಮಾತ್ರೆ ತಂದು, ಒಂದೇ ಗುಟುಕು ನೀರಿನಲ್ಲಿ ನುಂಗಿಸಿದಳು. "ಕೇಳಿದ್ರೆ ಏನೂ ಇಲ್ಲ ಅನ್ನಿ," ಎಂದಳು. ಬಸ್ಸಿನಲ್ಲಿ ಬರುವಾಗ, ಎಲ್ಲ ಆದ ಮೇಲೆ ಒಂದು ಇಡೀ ದಿನ ಮಲಗಿ ನಿದ್ದೆ ಮಾಡುತ್ತೇನೆ, ನೀವು ಎಷ್ಟು ಬೇಕಾದರೂ ಕುಡಿಯಿರಿ, ನಾನು ಎದ್ದು ನೋಡುವುದಿಲ್ಲ ಎಂದು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು.

ಡಾಕ್ಟರು ಬಂದು, ಜ್ವರ, ಕೆಮ್ಮು, ಚಳಿ, ಇದ್ದಕ್ಕಿದ್ದಂತೆ ಏನಾದರೂ, ಎಂದು ಕೇಳಿದಾಗ ನಾಲ್ವರೂ ಅಲ್ಲೇ ಇದ್ದರು. "ಇಲ್ಲ," ಎಂದ ಕಂಡಕ್ಟರ್. ನರ್ಸು ಜ್ವರ ನೋಡಿದಳು. ಮಾತ್ರೆ ತನ್ನ ಕೆಲಸ ಮಾಡಿತ್ತು. ಸ್ಟುಡಿಯೋದವನು ತನ್ನ ಉಗುರುಗಳನ್ನು ಒಂದೊಂದಾಗಿ ನೋಡಿಕೊಳ್ಳುತ್ತ ಕೂತಿದ್ದ. ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ಆಮೇಲೆ ಕಾಯುವುದು. ಗೋಡೆಯ ಟಿವಿಯಲ್ಲಿ ಸದ್ದು ತೆಗೆದ ಟೆಸ್ಟು ನಡೆಯುತ್ತಿತ್ತು. ಐದನೆಯ ದಿನ, ನಮ್ಮವರು ಸೋಲು ತಪ್ಪಿಸಿಕೊಳ್ಳಲು ಒದ್ದಾಡುತ್ತಿದ್ದರು. ಬೇರೆ ದಿನವಾಗಿದ್ದರೆ ಈ ಹೊತ್ತಿಗೆ ಕಮಿಟಿ ಎದ್ದು ಕೂತಿರುತ್ತಿತ್ತು. ಇವತ್ತು ಸ್ಟುಡಿಯೋದವನು ಟಿವಿಯ ಕಡೆ ತಿರುಗಿಯೂ ನೋಡಲಿಲ್ಲ. ಕಂಡಕ್ಟರಿಗೆ ಅವನ ಮೇಲೆ ಸಿಟ್ಟು ಬರತೊಡಗಿತು. ಹೇಳಿಬಿಡಬಾರದೇ ಇವನು? ಹೊರಗೆ ಹೋಗಿ ಡಾಕ್ಟರ ಕಿವಿಯಲ್ಲಿ ಒಂದು ಮಾತು ಹಾಕಿದರೆ ಮುಗಿಯಿತು, ತಾನು ಅವನನ್ನು ಮನಸಾರೆ ಬೈದುಕೊಂಡು ಮನೆಗೆ ಹೋಗಬಹುದು. ಸುಮ್ಮನೆ ಕೂತು ದೊಡ್ಡವನಾಗುತ್ತಿದ್ದಾನೆ. ಮರುಕ್ಷಣ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಇವನಿಗೇನು, ಇನ್ನೂ ವಯಸ್ಸಿದೆ, ಕಾಯಬಲ್ಲ. ನನಗೆ ಇನ್ನೊಂದು ಬರುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ ಎಂದು ಸಮಾಧಾನ ಹೇಳಿಕೊಂಡ. ಹುಡುಗರಿಗೆ ಜಾಗ ಬಿಡಬೇಕು ಎಂದು ವರ್ಷವಿಡೀ ಕೂಗಿದ ಬಾಯಿ ಅದೇ ಎಂಬುದೂ ಅವನಿಗೆ ನೆನಪಾಯಿತು.

ಮಧ್ಯಾಹ್ನ ರಿಪೋರ್ಟು ಬಂತು. ಇಬ್ಬರ ರಕ್ತವೂ ಹೊಂದಿತ್ತು. ಇಬ್ಬರದೂ ಹೊಂದಿದರೆ ಮೊದಲನೆಯವನಿಗೇ. ಸಂಜೆಯೊಳಗೆ ಒಳಗೆ ಕರೆದುಕೊಂಡು ಹೋಗುತ್ತೇವೆ ಎಂದು ಹುಡುಗಿ ಕಂಡಕ್ಟರಿಗೆ ಹೇಳಿ, ಸ್ಟುಡಿಯೋದವನ ಕಡೆ ತಿರುಗಿ, ನೀವು ಅಲ್ಲಿಯವರೆಗೆ ಇರಬೇಕಾಗುತ್ತದೆ ಎಂದು ಮೆಲ್ಲಗೆ ಸೇರಿಸಿದಳು. ಅವನ ಅಕ್ಕ ಎದ್ದು ಬಚ್ಚಲಿಗೆ ಹೋಗಿ, ಮುಖ ತೊಳೆದುಕೊಂಡು ಬಂದಳು. ಸ್ಟುಡಿಯೋದವನು ನಡುವಿನ ಕುರ್ಚಿಗೆ ಸರಿದು ಕಂಡಕ್ಟರ ಕೈ ಹಿಡಿದ.

"ಒಳ್ಳೇದಾಯ್ತಣ್ಣ," ಎಂದ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವನ ಕೈ ತಣ್ಣಗಿತ್ತು, ಅಥವಾ ತನ್ನದೇ ಬಿಸಿಯಾಗುತ್ತಿತ್ತೋ ಏನೋ, ಕಂಡಕ್ಟರಿಗೆ ತಿಳಿಯಲಿಲ್ಲ. ಹೆಂಡತಿ ಚೀಲವನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು.

ಆ ಹೊತ್ತಿಗೆ ಟಿವಿಯಲ್ಲಿ ಕ್ಯಾಪ್ಟನ್ ಔಟಾದ. ಏನೂ ಇಲ್ಲದ ಚೆಂಡಿಗೆ ಬ್ಯಾಟು ತಾಗಿಸಿ, ಕೀಪರಿನ ಕೈಗೆ ಕೊಟ್ಟು, ತಲೆ ತಗ್ಗಿಸಿ ನಡೆದ. ಎದುರಿನ ಸಾಲಿನಲ್ಲಿ ಕೂತಿದ್ದ ಬಿಳಿ ಮೀಸೆಯ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. ಅವರ ಹೆಂಡತಿಯ ಮಂಡಿಯ ಆಪರೇಷನ್ ಮೇಲಿನ ಮಹಡಿಯಲ್ಲಿ ನಡೆಯುತ್ತಿತ್ತು, ಬೆಳಗಿನಿಂದ ಮಾತಿಗೆ ಜನ ಸಿಕ್ಕಿರಲಿಲ್ಲ. ಇವನನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ, ಆಯ್ಕೆ ಮಾಡುವವರಿಗೆ ಕಣ್ಣಿಲ್ಲವೇ, ಕೋಚಿಗೆ ನಾಲಿಗೆ ಇಲ್ಲವೇ ಎಂದು ಶುರು ಮಾಡಿ, ಅವತ್ತು ಬೆರಳು ಮುರಿದುಕೊಂಡೂ ಹೇಳದೆ ಆಡಿದನಲ್ಲ, ಅವತ್ತೇ ಒದ್ದು ಓಡಿಸಬೇಕಿತ್ತು ಎಂದರು. ಆಮೇಲೆ ನೇರವಾಗಿ ಕಂಡಕ್ಟರನ್ನೇ ನೋಡಿ, "ನೀವೇ ಹೇಳಿ, ತಪ್ಪಲ್ವಾ ಅದು?" ಎಂದು ಕೇಳಿದರು.

ಕಂಡಕ್ಟರ್ ಟಿವಿಯನ್ನೇ ನೋಡುತ್ತಿದ್ದ. ತಾನೇ ಎಷ್ಟೋ ಸಲ ಆಡಿದ ಮಾತು ಇನ್ನೊಬ್ಬರ ಬಾಯಿಂದ ಬಂದು ಮುಖಕ್ಕೆ ರಾಚಿದ ಹಾಗಾಗಿತ್ತು. ಪಕ್ಕದಲ್ಲಿ ಸ್ಟುಡಿಯೋದವನು ಉಸಿರು ಹಿಡಿದು ಕೂತಿರುವುದು ಅವನಿಗೆ ನೋಡದೆಯೇ ಗೊತ್ತಾಯಿತು.

"ಆಡಿದ್ದು ಸರಿ," ಎಂದ.

ಮೀಸೆಯವರು ಬಿಡುವವರಲ್ಲ. ಸರಿ ಹೇಗಾಗುತ್ತದೆ, ಹೊರಗೆ ಕೂತ ಹುಡುಗನ ಗತಿ ಏನು ಎಂದು ಮುಂದಕ್ಕೆ ಬಾಗಿದರು. ಉತ್ತರ ಕೊಟ್ಟವನು ಸ್ಟುಡಿಯೋದವನು.

"ಅವನಿಗೆ ಆಡ್ಬೇಕು ಅನ್ಸಿತ್ತು ಸಾರ್. ಎಷ್ಟು ವರ್ಷ ಕಾದು ಬಂದ ಜಾಗ ಅದು. ಬಿಟ್ಟುಬಿಡಿ ಅವನನ್ನ," ಎಂದು ಹೇಳಿ, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಅದನ್ನು ಅವನು ಮೀಸೆಯವರಿಗೆ ಹೇಳಲಿಲ್ಲ ಎಂಬುದು ಕಂಡಕ್ಟರಿಗೂ ಗೊತ್ತಿತ್ತು, ಅವನ ಹೆಂಡತಿಗೂ ಗೊತ್ತಿತ್ತು.

ಮಾತ್ರೆಯ ಬಲ ಇಳಿದದ್ದು ಅದಾದ ಸ್ವಲ್ಪ ಹೊತ್ತಿಗೆ. ಮೊದಲು ಪಾದ ತಣ್ಣಗಾಯಿತು, ಆಮೇಲೆ ಬೆನ್ನು. ಕಂಡಕ್ಟರ್ ಹಲ್ಲು ಕಚ್ಚಿ ಕೂತ. ಇನ್ನೊಂದು ಗಂಟೆ, ಇನ್ನೊಂದೇ ಗಂಟೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಹೆಂಡತಿ ತನ್ನ ಚೀಲದೊಳಗೆ ಕೈ ಹಾಕಿ ಮಾತ್ರೆಯ ಸ್ಟ್ರಿಪ್ಪು ಹುಡುಕಿದಳು, ಸಿಕ್ಕಿತು, ಆದರೆ ಬಾಗಿಲಲ್ಲೇ ನರ್ಸು ನಿಂತಿದ್ದಳು. ಸ್ಟುಡಿಯೋದವನು ಕಿಟಕಿಯಿಂದ ತಿರುಗಿ ನೋಡಿದ. ಫೋಟೋ ತೆಗೆಯುವವನ ಕಣ್ಣು, ಮುಖದ ಬಣ್ಣ ಹೋಗುವುದು ಅದಕ್ಕೆ ಬೇರೆಯವರಿಗಿಂತ ಮೊದಲು ಕಾಣುತ್ತದೆ. ಅವನು ಬಂದು ಅಕ್ಕನ ಶಾಲನ್ನು ಎತ್ತಿಕೊಂಡು ಕಂಡಕ್ಟರ ಮೊಣಕಾಲಿನ ಮೇಲೆ ಹಾಕಿದ. ಬಾಗಿಲಿಗೂ ಕಂಡಕ್ಟರಿಗೂ ಅಡ್ಡ ಬರುವಂತೆ ನಿಂತುಕೊಂಡ. ಅಷ್ಟಕ್ಕೆ ನಿಂತಿದ್ದರೆ ಏನಾಗುತ್ತಿತ್ತೋ. ಅವನು ನರ್ಸಿನ ಕಡೆ ತಿರುಗಿ ಹೇಳಿದ:

"ಸಿಸ್ಟರ್, ಎಸಿ ಸ್ವಲ್ಪ ಕಡಿಮೆ ಮಾಡ್ತೀರಾ? ನನಗೆ ಯಾಕೋ ಚಳಿ ಆಗ್ತಿದೆ."

ನರ್ಸು ಚುರುಕಿನವಳು. ಚಳಿ ಎಂದ ಕೂಡಲೇ ಅವಳ ಮುಖ ಬದಲಾಯಿತು. ಎರಡನೆಯವನಾದರೂ ಅವನೂ ಲೆಕ್ಕದಲ್ಲಿದ್ದವನೇ. ಯಾವಾಗಿನಿಂದ ಚಳಿ, ನಿನ್ನೆ ಇತ್ತೇ, ಬೆಳಿಗ್ಗೆ ಯಾಕೆ ಹೇಳಲಿಲ್ಲ, ಹೀಗೆ ಮುಚ್ಚಿಟ್ಟರೆ ಹೆಸರೇ ತೆಗೆದು ಹಾಕುತ್ತಾರೆ ಗೊತ್ತೇ ಎಂದು ಗದರುತ್ತ ಅವನನ್ನು ಕೂರಿಸಿ, ಅವನ ಬಾಯಿಗೆ ಥರ್ಮಾಮೀಟರ್ ಇಟ್ಟಳು. ಅವನ ಅಕ್ಕ ಗಾಬರಿಯಾಗಿ ಎದ್ದು ನಿಂತು, ಇಲ್ಲ ಸಿಸ್ಟರ್, ಅವನಿಗೆ ಏನೂ ಇಲ್ಲ, ಚೆನ್ನಾಗಿದ್ದಾನೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಅವನು ಬಾಯಿಯಲ್ಲಿ ಥರ್ಮಾಮೀಟರ್ ಕಚ್ಚಿಕೊಂಡು, ಬೈಸಿಕೊಂಡ ಹುಡುಗನ ಹಾಗೆ ತಲೆ ತಗ್ಗಿಸಿ ಕೂತಿದ್ದ.

ಕಂಡಕ್ಟರಿಗೆ ಅದನ್ನು ನೋಡಲಾಗಲಿಲ್ಲ. ಅದರಲ್ಲಿ ದೊಡ್ಡತನ ಏನೂ ಇರಲಿಲ್ಲ. ಅವನಿಗೆ ಆ ಗಳಿಗೆಯಲ್ಲಿ ಕಿಡ್ನಿ ಬೇಕಿತ್ತು, ನೀರು ಬೇಕಿತ್ತು, ಬದುಕಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತಾಗಿತ್ತು. ಇನ್ನು ಮುಂದೆ ಕುಡಿಯುವ ಒಂದೊಂದು ಲೋಟ ನೀರಿಗೂ ಈ ತಗ್ಗಿಸಿದ ತಲೆ ಅಡ್ಡ ಬರುತ್ತದೆ ಎಂದು ಅವನಿಗೆ ಅನಿಸಿತು. ಮೊಣಕಾಲಿನ ಮೇಲಿನ ಶಾಲು ತೆಗೆದು ಪಕ್ಕಕ್ಕಿಟ್ಟ.

"ಚಳಿ ಅವನಿಗಲ್ಲ ಸಿಸ್ಟರ್," ಎಂದ. "ನನಗೆ. ನಿನ್ನೆಯಿಂದ."

ಹೆಂಡತಿಯ ಕಡೆಯಿಂದ ಒಂದು ಸಣ್ಣ ಸದ್ದು ಬಂತು, ಮಾತ್ರೆಯ ಸ್ಟ್ರಿಪ್ಪು ಮುಷ್ಟಿಯಲ್ಲಿ ಮುದುಡಿದ ಸದ್ದು. ಕಂಡಕ್ಟರ್ ಆ ಕಡೆ ತಿರುಗಲಿಲ್ಲ. ಮೀಸೆಯವರು ಏನೋ ನಡೆಯಬಾರದ್ದು ನಡೆದಿದೆ ಎಂದು ಊಹಿಸಿ, ಟಿವಿಯ ಕಡೆ ಮುಖ ಮಾಡಿಕೊಂಡರು.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಡಾಕ್ಟರು ಬಂದು ಜ್ವರ ನೋಡಿದರು, ತೋಳಿನಲ್ಲಿ ಸೂಜಿ ಚುಚ್ಚುವ ಜಾಗ ಒತ್ತಿದರು. ಒತ್ತಿದ್ದಕ್ಕೆ ಕಂಡಕ್ಟರ್ ಚೀರಿಬಿಟ್ಟ. ಅಲ್ಲಿ ಕೆಂಪಾಗಿ ಊದಿತ್ತು, ಬೆಳಿಗ್ಗೆ ತೋಳು ಮುಚ್ಚಿದ ಅಂಗಿ ಹಾಕಿದ್ದರಿಂದ ಯಾರಿಗೂ ಕಂಡಿರಲಿಲ್ಲ. ಡಾಕ್ಟರು ಬೈಯಲಿಲ್ಲ. ಅವರಿಗೂ ಬೆಳಗಿನಿಂದ ಕೂರಲು ಪುರುಸೊತ್ತಿರಲಿಲ್ಲ. "ಈಗ ಹೇಳಿದ್ರಲ್ಲ, ಸಾಕು. ಆಪರೇಷನ್ ಆದ್ಮೇಲೆ ಗೊತ್ತಾಗಿದ್ರೆ ಕಿಡ್ನೀನೂ ಉಳೀತಿರ್ಲಿಲ್ಲ, ನೀವೂ ಉಳೀತಿರ್ಲಿಲ್ಲ," ಎಂದಷ್ಟೇ ಹೇಳಿ, ಕಂಡಕ್ಟರನ್ನು ಅದೇ ಮಹಡಿಯ ಒಂದು ಕೋಣೆಗೆ ಸೇರಿಸಿ ಔಷಧಿ ಏರಿಸಲು ಹೇಳಿದರು. ಜ್ವರ ಪೂರ್ತಿ ಬಿಟ್ಟ ಮೇಲೆ ಅವನ ಹೆಸರು ಮತ್ತೆ ಸಾಲಿಗೆ ಸೇರುತ್ತದೆ, ಮುಂದಿನದು ಯಾವಾಗ ಬರುತ್ತದೆಂದು ಹೇಳಲಾಗದು. ಸ್ಟುಡಿಯೋದವನನ್ನು ಬಟ್ಟೆ ಬದಲಿಸಲು ಕರೆದುಕೊಂಡು ಹೋದರು.

ಹೆಂಡತಿ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ನರ್ಸು ಔಷಧಿಯ ಬಾಟಲಿ ತೂಗುಹಾಕಿ ಹೋದಳು. ಹೆಂಡತಿ ಅಳುತ್ತಾಳೆ ಅಂದುಕೊಂಡಿದ್ದ ಕಂಡಕ್ಟರಿಗೆ ಅವಳ ಒಣ ದನಿ ಕೇಳಿ ಹೆಚ್ಚು ಸಂಕಟವಾಯಿತು.

"ನನ್ನ ಮುಖ ಕೂಡ ನೋಡ್ಲಿಲ್ಲ ನೀವು," ಎಂದಳು.

"ನೋಡಿದ್ರೆ ಹೇಳೋಕೆ ಆಗ್ತಿರ್ಲಿಲ್ಲ."

ಅವಳು ತಲೆ ಆಡಿಸಿದಳು, ಹೌದೆಂದೋ ಇಲ್ಲವೆಂದೋ. ಡಾಕ್ಟರು ಹೇಳಿದ್ದು ನಿಜವಾ, ನೀವೂ ಉಳೀತಿರ್ಲಿಲ್ಲ ಅಂದದ್ದು, ಎಂದು ಕೇಳಿದಳು. ಇರಬಹುದು ಎಂದ ಅವನು. ಮಾತ್ರೆ ಕೊಟ್ಟದ್ದು ನಾನೇ ಎಂದಳು. ಅದಕ್ಕೆ ಅವನು, ನುಂಗಿದ್ದು ನಾನೇ ಎಂದ. ಅವಳಿಗೆ ಗಂಡನ ಮೇಲೆ ಸಿಟ್ಟಿತ್ತು, ತನ್ನ ಮೇಲೆ ಸಿಟ್ಟಿತ್ತು, ಇದರಲ್ಲಿ ಏನೂ ತಪ್ಪಿಲ್ಲದ ಆ ಹುಡುಗನ ಮೇಲೂ ಸಿಟ್ಟಿತ್ತು. ನಾಳೆ ಎದ್ದರೆ ಮತ್ತೆ ಲೋಟ ಹಿಡಿದು ನೀರು ಅಳೆಯಬೇಕು. ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

ಸಂಜೆಯ ಬೆಳಕು ಇನ್ನೂ ಇದ್ದಾಗ ಸ್ಟುಡಿಯೋದವನನ್ನು ಗಾಲಿಮಂಚದ ಮೇಲೆ ಕೂರಿಸಿಕೊಂಡು ತಂದರು. ಆಪರೇಷನ್ ಕೋಣೆ ಇನ್ನೂ ಮೇಲಿನ ಮಹಡಿಯಲ್ಲಿತ್ತು, ಲಿಫ್ಟು ಕಂಡಕ್ಟರ ಕೋಣೆಯ ಎದುರಿಗೇ. ಲಿಫ್ಟು ಕೆಳಗಿದ್ದುದರಿಂದ ಅವರು ಅಲ್ಲೇ ಕಾಯಬೇಕಾಯಿತು. ತೆರೆದ ಬಾಗಿಲಿನಿಂದ ಅವನು ಒಳಗೆ ನೋಡಿದ. ಹಸಿರು ನಿಲುವಂಗಿಯಲ್ಲಿ ತೀರ ಸಣ್ಣವನಾಗಿ ಕಾಣುತ್ತಿದ್ದ.

"ಯಾಕಣ್ಣ ಹೇಳಿದ್ರಿ?" ಎಂದ. ದನಿಯಲ್ಲಿ ಕೃತಜ್ಞತೆ ಇರಲಿಲ್ಲ, ಜಗಳವೇ ಇತ್ತು. "ನಾನು ಸುಮ್ಮನಿದ್ದೆನಲ್ಲ."

"ನೀನು ಸುಮ್ಮನಿರಲಿಲ್ಲ," ಎಂದ ಕಂಡಕ್ಟರ್. "ಸುಮ್ಮನಿದ್ದಿದ್ರೆ ನಾನು ಹೋಗ್ತಿದ್ದೆ."

ಸ್ಟುಡಿಯೋದವನು ಲಿಫ್ಟಿನ ಕಡೆ ಮುಖ ತಿರುಗಿಸಿದ. ಅವನಿಗೆ ಭಯವಾಗಿತ್ತು; ಬೆಳಗಿನಿಂದ ತಡೆದಿಟ್ಟದ್ದೆಲ್ಲ ಈಗ ಬಂದು ಕೂತಿತ್ತು. ನಿಲುವಂಗಿಯ ಬೆನ್ನಿನ ಕಡೆಯ ಲಾಡಿಗಳು ಬಿಚ್ಚಿಕೊಂಡು, ಹಿಂದೆಲ್ಲ ತೆರೆದುಕೊಂಡಿತ್ತು. ಅವನ ಅಕ್ಕ ಕಟ್ಟಲು ನೋಡುತ್ತಿದ್ದಳು, ಅವಳ ಬೆರಳು ಮಾತು ಕೇಳುತ್ತಿರಲಿಲ್ಲ. ಒಂದು ಕಟ್ಟಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು.

ಮೂಲೆಯ ಸ್ಟೂಲು ಸರಿದ ಸದ್ದಾಯಿತು. ಹೆಂಡತಿ ಎದ್ದು, ಗಂಡನ ಕಡೆ ನೋಡದೆ ಮಂಚ ಬಳಸಿಕೊಂಡು ಹೊರಗೆ ಹೋದಳು. ಮನೆಗೆ ಹೊರಟಳೇನೋ ಎಂದುಕೊಂಡ ಕಂಡಕ್ಟರ್. ಅವಳು ಗಾಲಿಮಂಚದ ಹಿಂದೆ ನಿಂತು, ಅಕ್ಕನ ಕೈಯಿಂದ ಲಾಡಿಗಳನ್ನು ತೆಗೆದುಕೊಂಡಳು. ದಿನವಿಡೀ ಬಟ್ಟೆಯ ಜೊತೆ ಬದುಕುವ ಕೈ. ಕತ್ತಿನ ಹತ್ತಿರ ಒಂದು ಗಂಟು ಹಾಕಿದಳು, ಅದರ ಕೆಳಗೆ ಒಂದು, ಸೊಂಟದ ಹತ್ತಿರ ಒಂದು. ಬಿಗಿಯಾಯ್ತಾ ಎಂದು ಕೇಳಿದಳು. ಇಲ್ಲ ಅತ್ತಿಗೆ ಎಂದ ಅವನು. ಭುಜದ ಮೇಲಿನ ಸುಕ್ಕನ್ನು ಅಂಗೈಯಿಂದ ಸವರಿ ಸರಿ ಮಾಡಿದಳು. ಲಿಫ್ಟು ಬಂತು. ವಾರ್ಡಿನವನು, ಚಪ್ಪಲಿ ಒಳಗೆ ತರುವ ಹಾಗಿಲ್ಲ ಎಂದ. ಸ್ಟುಡಿಯೋದವನು ಕಾಲಿನಿಂದಲೇ ಅವನ್ನು ಕೆಳಗೆ ಬೀಳಿಸಿದ, ಅಕ್ಕ ಅವನ ಜೊತೆ ಒಳಗೆ ಹತ್ತಿದಳು, ಬಾಗಿಲು ಮುಚ್ಚಿತು.

ಹೆಂಡತಿ ಬಗ್ಗಿ ಆ ಚಪ್ಪಲಿಗಳನ್ನು ಎತ್ತಿಕೊಂಡು ಕೋಣೆಗೆ ಬಂದಳು. ಎಲ್ಲಿಡುವುದೆಂದು ಒಂದು ಕ್ಷಣ ಸುತ್ತ ನೋಡಿ, ಮಂಚದ ಕೆಳಗೆ, ಗಂಡನ ಚಪ್ಪಲಿಗಳ ಪಕ್ಕದಲ್ಲಿ ಜೋಡಿಸಿಟ್ಟಳು.